ಗಿಟಾರಿನ ಬಲಗೈ, ಡ್ರಮ್ಮಿನ ಬಲಗಾಲು

ಹೆವಿ ಮೆಟಲ್ ಎಂದ ಕೂಡಲೇ ನಮ್ಮಲ್ಲಿ ಅನೇಕರು ಮಾಡುವ ಮೊದಲ ಕೆಲಸ ಕಿವಿ ಮುಚ್ಚಿಕೊಳ್ಳುವುದು. ಎರಡನೆಯದು, ಮಕ್ಕಳ ಕೋಣೆಯ ಬಾಗಿಲು ಮುಚ್ಚುವುದು. ತಪ್ಪೇನೂ ಇಲ್ಲ ಬಿಡಿ, ಸದ್ದು ನಿಜಕ್ಕೂ ಜೋರು. ಆದರೆ ಆ ಸದ್ದಿನೊಳಗೆ ಒಂದು ಲೆಕ್ಕಾಚಾರವಿದೆ. ಶನಿವಾರ ಬಂತೆಂದರೆ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಮೃದಂಗದ ಪಾಠಕ್ಕೆ ಓಡುವ ನಮಗೆ ಅದು ಅಪರಿಚಿತವೇನಲ್ಲ. ಈ ಸಲದ ಅಂಕಣ ಆ ಲೆಕ್ಕಾಚಾರದ ಬಗ್ಗೆ.

ನಮ್ಮ ಸಿನಿಮಾ ಹಾಡಿನಲ್ಲಿ ಗಾಯಕರು ಮುಂದೆ, ವಾದ್ಯಗಳು ಹಿಂದೆ. ಮೆಟಲ್‌ನಲ್ಲಿ ಹಾಗಲ್ಲ. ಅಲ್ಲಿ ಹಾಡಿನ ಬುನಾದಿ ‘ರಿಫ್’, ಅಂದರೆ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಒಂದು ಸಣ್ಣ ಸ್ವರಗುಚ್ಛ. ಗಿಟಾರಿನವನು ಬಲ ಅಂಗೈಯ ಅಂಚನ್ನು ತಂತಿಗಳ ಮೇಲೆ ಒರಗಿಸಿ ನಾದವನ್ನು ಅದುಮಿ ಮೀಟುತ್ತಾನೆ. ಆಗ ಬರುವ ಜಗ್ ಜಗ್ ಸದ್ದು ರಾಗಕ್ಕಿಂತ ಹೆಚ್ಚಾಗಿ ತಾಳವೇ. ಅವನ ಆ ಬಲಗೈ ಮೀಟೂ ಡ್ರಮ್ಮರ್ ಕಾಲಿನಿಂದ ಪೆಡಲ್ ಒತ್ತಿ ಬಾರಿಸುವ ಬಾಸ್ ಡ್ರಮ್ಮಿನ ಪೆಟ್ಟೂ ಒಂದೇ ಕ್ಷಣಕ್ಕೆ ಬೀಳಬೇಕು. ಕೂದಲೆಳೆಯಷ್ಟು ಹಿಂದುಮುಂದಾದರೂ ಹಾಡು ಸಡಿಲವಾಗುತ್ತದೆ. ಸರಿಯಾಗಿ ಬಿದ್ದರೆ ಗಿಟಾರೂ ಅಲ್ಲದ, ಡ್ರಮ್ಮೂ ಅಲ್ಲದ ಮೂರನೆಯ ವಾದ್ಯವೊಂದು ಕೇಳಿಸುತ್ತದೆ.

ಒಂದು ಉದಾಹರಣೆ. ‘ಕತ್ತಲೆ, ಕತ್ತಲೆ, ಕತ್ತಲೆ’ ಎಂದು ಬಾಯಲ್ಲಿ ಬೇಗ ಬೇಗ ಹೇಳಿ ನೋಡಿ. ಒಂದು ಗುರು, ಎರಡು ಲಘು; ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಕಲಿತ ಭಗಣ. ಮೆಟಲ್‌ನವರು ಇದಕ್ಕೆ ‘ಗ್ಯಾಲಪ್’, ಕುದುರೆಯ ನಾಗಾಲೋಟ ಎನ್ನುತ್ತಾರೆ. ಐರನ್ ಮೇಡನ್ ತಂಡದ ಗುರುತೇ ಇದು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ತಂಡ ನುಡಿಸಿದಾಗ ಸಾವಿರಾರು ಹುಡುಗರು ತಲೆ ಕುಣಿಸಿದ್ದು ಇದೇ ಭಗಣಕ್ಕೆ! ಹಾಗೆಂದು ಯಾರೂ ಅವರಿಗೆ ಹೇಳಿರಲಿಕ್ಕಿಲ್ಲ ಅಷ್ಟೆ.

ಈಗ ಪ್ರಶ್ನೆ: ಈ ಜೋಡಿಯಲ್ಲಿ ಯಜಮಾನ ಯಾರು? ಯಕ್ಷಗಾನದಲ್ಲಾದರೆ ಭಾಗವತರಿದ್ದಾರೆ, ಚೆಂಡೆ ಮದ್ದಳೆಗಳು ಅವರ ಜಾಗಟೆಯನ್ನು ಅನುಸರಿಸುತ್ತವೆ. ಮೆಟಲ್‌ನಲ್ಲಿ ಭಾಗವತರಿಲ್ಲ. ಸಾಮಾನ್ಯವಾಗಿ ಗಿಟಾರಿನವನು ರಿಫ್ ತರುತ್ತಾನೆ. ಅದು ಓಡಬೇಕೋ ನಡೆಯಬೇಕೋ ಎಂಬುದು ಡ್ರಮ್ಮರ್ ಕೈಯಲ್ಲಿದೆ. ನಾಲ್ಕರ ಎಣಿಕೆಯಲ್ಲಿ 2 ಮತ್ತು 4ಕ್ಕೆ ಸ್ನೇರ್ ಡ್ರಮ್ ಹೊಡೆದರೆ ರಿಫ್ ಓಡುತ್ತದೆ. ಗಿಟಾರಿನವನು ಏನೂ ಬದಲಿಸದಿದ್ದರೂ, 3ಕ್ಕೆ ಮಾತ್ರ ಹೊಡೆದರೆ ಅದೇ ರಿಫ್ ಆನೆಯಂತೆ ಹೆಜ್ಜೆ ಹಾಕುತ್ತದೆ. ತಾಲೀಮಿನಲ್ಲಿ ಅರ್ಧ ಜಗಳ ನಡೆಯುವುದು ಇಲ್ಲೇ. ಮೆಟಾಲಿಕಾ ತಂಡದ್ದು ಇನ್ನೊಂದು ರೀತಿ. ಅಲ್ಲಿ ಡ್ರಮ್ಮರ್ ಲಾರ್ಸ್ ಉಲ್ರಿಕ್ ಅವರೇ ಜೇಮ್ಸ್ ಹೆಟ್‌ಫೀಲ್ಡ್ ಅವರ ಗಿಟಾರನ್ನು ಹಿಂಬಾಲಿಸುತ್ತಾರೆ.

ಸ್ವೀಡನ್ನಿನ ಮೆಶುಗಾ ತಂಡದವರಂತೂ ನಮ್ಮ ಲಯವಿನ್ಯಾಸದ ನೆಂಟರು. ಗಿಟಾರೂ ಬಾಸ್ ಡ್ರಮ್ಮೂ ಸೇರಿ ಒಂದು ವಕ್ರ ಅಳತೆಯ ರಿಫ್ ನುಡಿಸುತ್ತಿರುತ್ತವೆ, ಡ್ರಮ್ಮರ್‌ನ ಕೈ ಮಾತ್ರ ತಾಳತಟ್ಟೆಯ ಮೇಲೆ ಸರಳವಾಗಿ ನಾಲ್ಕನ್ನೇ ಎಣಿಸುತ್ತಿರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಆದಿತಾಳದ ಒಂದು ಆವರ್ತಕ್ಕೆ 32 ಮಾತ್ರೆ. 7 ಮಾತ್ರೆಯ ರಿಫ್ 4 ಸಲ ಬಂದರೆ 28. ಉಳಿದ 4 ಮಾತ್ರೆಗೆ ಒಂದು ತುಂಡು ಜೋಡಿಸಿ ಸಮಕ್ಕೆ ಬಂದು ಬೀಳಬೇಕು. ಮೃದಂಗದವರು ತೀರ್ಮಾನ ಮುಗಿಸಿದಾಗ ನಾವು ಸಭೆಯಲ್ಲಿ ‘ಭಲೆ’ ಎನ್ನುತ್ತೇವಲ್ಲ, ಆ ಜಾಗ.

ಇಷ್ಟೆಲ್ಲಕ್ಕೆ ಒಳ್ಳೆಯ ಉದಾಹರಣೆ ದೂರದಲ್ಲಿಲ್ಲ, ನಮ್ಮ ಆಕ್ಲೆಂಡಿನಿಂದ ಉತ್ತರಕ್ಕೆ ಹೋದರೆ ಸಿಗುವ ವೈಪು ಎಂಬ ಊರಿನಲ್ಲೇ ಇದೆ. ಹೆನ್ರಿ ಡಿ ಯಾಂಗ್ ಡ್ರಮ್ಸ್, ತಮ್ಮ ಲೂಯಿಸ್ ಗಿಟಾರ್ ಮತ್ತು ಹಾಡು. 2010ರಲ್ಲಿ ‘ಏಲಿಯನ್ ವೆಪನ್ರಿ’ ತಂಡ ಕಟ್ಟಿದಾಗ ಅಣ್ಣನಿಗೆ 10 ವರ್ಷ, ತಮ್ಮನಿಗೆ 8. ತಂಡದಲ್ಲಿ ಬಾಸ್ ಗಿಟಾರಿನವರು ಬದಲಾಗಿದ್ದಾರೆ, ಅಣ್ಣತಮ್ಮಂದಿರ ಜೋಡಿ ಬದಲಾಗಿಲ್ಲ. ಒಂದೇ ಮನೆಯಲ್ಲಿ ಬೆಳೆದವರಿಗೆ ಒಂದು ಅನುಕೂಲವಿದೆ: ಮತ್ತೊಬ್ಬ ಯಾವಾಗ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದು ನೋಡದೆಯೇ ಗೊತ್ತಿರುತ್ತದೆ.

ಇವರು ಚಿಕ್ಕಂದಿನಲ್ಲಿ ಮಾವೋರಿ ಮಾಧ್ಯಮದ ಶಾಲೆಯಲ್ಲಿ ಹಾಕಾ, ವೈಯಾಟ ಹಾಡುತ್ತ ಬೆಳೆದವರು. ಹಾಗಾಗಿ ಹಲವು ಹಾಡುಗಳು ತೆ ರೆಯೋ ಮಾವೋರಿಯಲ್ಲೇ ಇವೆ. 2016ರ ‘ರೂ ಅನ ತೆ ಫೆನುವ’ (ಭೂಮಿ ನಡುಗುತ್ತಿದೆ) ಹಾಡಿನ ವಸ್ತು 1864ರಲ್ಲಿ ಟೌರಂಗದ ಗೇಟ್ ಪಾ ಎಂಬಲ್ಲಿ ಬ್ರಿಟಿಷ್ ಸೈನ್ಯದೊಡನೆ ನಡೆದ ಕಾಳಗ; ಇವರ ಪೂರ್ವಜರೊಬ್ಬರು ಅಲ್ಲಿ ಹೋರಾಡಿ ಮಡಿದವರು. ಮೊದಲ ಆಲ್ಬಂ ‘ತೂ’ 2018ರಲ್ಲಿ ಬಂತು. ನಮ್ಮ ಕಿವಿಗೆ ಉಗಿದಂತೆ ಕೇಳುವ ಈ ಪದಕ್ಕೆ ಎದ್ದು ನಿಲ್ಲು ಎಂಬ ಅರ್ಥವಿದೆ!

ಆ ಆಲ್ಬಂ ನಿರ್ಮಿಸಿದ್ದು ಟಾಮ್ ಲಾರ್ಕಿನ್. ಅವರೂ ಡ್ರಮ್ಮರ್, ಶಾಲಾ ಗೆಳೆಯ, ಗಿಟಾರ್ ವಾದಕ ಜಾನ್ ಟೂಗುಡ್ ಜೊತೆ 1988ರಲ್ಲಿ ವೆಲಿಂಗ್ಟನ್ನಿನಲ್ಲಿ ‘ಶಿಹಾದ್’ ತಂಡ ಕಟ್ಟಿದವರು. ಒಂದು ಜೋಡಿ ಇನ್ನೊಂದು ಜೋಡಿಯನ್ನು ತಿದ್ದಿದ ಹಾಗಾಯಿತು. ರೆಕಾರ್ಡಿಂಗ್‌ನಲ್ಲಿ ಸಾಮಾನ್ಯವಾಗಿ ಮೊದಲು ಡ್ರಮ್ಸ್, ಅದರ ಮೇಲೆ ಗಿಟಾರ್. ಅದೇ ರಿಫ್ಫನ್ನು ಎರಡು ಸಲ ನುಡಿಸಿ ಒಂದನ್ನು ಎಡ ಸ್ಪೀಕರಿಗೆ, ಇನ್ನೊಂದನ್ನು ಬಲಕ್ಕೆ ಹಾಕುತ್ತಾರೆ. ಎರಡೂ ಡ್ರಮ್ಮಿಗೆ ಕೂಡಲೇಬೇಕು, ಕಳ್ಳಾಟ ನಡೆಯುವುದಿಲ್ಲ.

ಮಾವೋರಿಯಲ್ಲೂ ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ಬೇರೆ. ಪದಗಳೆಲ್ಲ ಸ್ವರದಲ್ಲೇ ಮುಗಿಯುತ್ತವೆ, ನಮ್ಮ ಕನ್ನಡದಂತೆಯೇ. ಇಂಥ ಭಾಷೆ ಗಿಟಾರಿನ ಮೀಟಿಗೂ ಡ್ರಮ್ಮಿನ ಪೆಟ್ಟಿಗೂ ಚೆನ್ನಾಗಿ ಕೂರುತ್ತದೆ ಎಂಬುದು ನನ್ನ ಅನಿಸಿಕೆ. ಕನ್ನಡಕ್ಕೆ ಒತ್ತಕ್ಷರದ ಬಲ ಬೇರೆ ಇದೆ: ನೆತ್ತರು, ಅಬ್ಬರ, ಕತ್ತಲೆ. ಮೂರೂ ಭಗಣ, ಮೂರೂ ಮೆಟಲ್ ಹಾಡಿಗೆ ಹೇಳಿ ಮಾಡಿಸಿದ ಪದಗಳು!

ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಕೂಟದ ಇಬ್ಬರು ಮಕ್ಕಳು, ಮೃದಂಗ ಕಲಿತು ಈಗ ಡ್ರಮ್ಸ್ ಹಿಡಿದ ಹುಡುಗಿ ಮತ್ತು ಗಿಟಾರಿನ ಹುಡುಗ, ತಾವೇ ಬರೆದ ಕನ್ನಡದ ಹಾಡೊಂದನ್ನು ಗ್ಯಾರೇಜಿನಲ್ಲಿ ಕೂಡಿಸುತ್ತಿದ್ದಾರೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು, ‘ಸಿಡಿಲು’ ಗ್ಯಾಲಪ್ಪಿಗೆ ಕೂರುವುದಿಲ್ಲ, ಮೂರೂ ಲಘು, ‘ಗುಡ್ಡವು’ ಅಂದರೆ ಕೂರುತ್ತದೆ ಎಂದು ಅರ್ಧ ಗಂಟೆ ಚರ್ಚೆ ಮಾಡಿದ್ದನ್ನು ನಾನೇ ಕೇಳಿದ್ದೇನೆ. ರಾಜ್ಯೋತ್ಸವದಲ್ಲಿ ಅವರಿಗೆ ವೇದಿಕೆ ಕೊಡುವ ಮಾತು ಬಂದಾಗ ಹಿರಿಯರ ಕಿವಿ, ಹಾಲ್‌ನವರ ತಕರಾರು, ಕೌನ್ಸಿಲ್‌ಗೆ ಹೋಗಬಹುದಾದ ದೂರು ಎಲ್ಲ ಚರ್ಚೆಗೆ ಬಂತು, ತೀರ್ಮಾನ ಮುಂದಕ್ಕೆ ಹೋಯಿತು. ಎಲೆಕ್ಟ್ರಾನಿಕ್ ಡ್ರಮ್ ಇಟ್ಟು ಸದ್ದು ಇಳಿಸಿದರಾಯಿತು ಎಂಬ ಸಲಹೆಯೂ ಬಂದಿದೆ. ನನ್ನ ವೋಟು ನಿಜವಾದ ಡ್ರಮ್ಮಿಗೆ. ಊಟಕ್ಕೆ ಮೊದಲು ಐದು ನಿಮಿಷ ಕೊಡಿ, ಬೇಡವೆನ್ನುವವರು ಅಷ್ಟು ಹೊತ್ತು ಹೊರಗೆ ಕಾಫಿ ಕುಡಿಯಲಿ. ಪೆಡಲ್ ಒದ್ದಾಗ ಬಾಸ್ ಡ್ರಮ್ ಮುಂದಕ್ಕೆ ಜಾರದಂತೆ ಕೆಳಗೆ ಒಂದು ಹಳೆಯ ಜಮಖಾನ ಹಾಸಬೇಕು. ಅದನ್ನು ನಾನು ತರುತ್ತೇನೆ.