ಹೊಸ ಇಲಿಯ ಗೃಹಪ್ರವೇಶ

ಇಲಿಯನ್ನು ತಾವಾಗಿಯೇ ಮನೆಗೆ ಕರೆತರುವವರೂ ಇದ್ದಾರೆಂದು ಹೇಳಿದರೆ ಚಾರ್ಮಾಡಿಯ ಕೃಷಿಕರು ನಕ್ಕಾರು. ಕರೆಯದೆ ಬರುವ ಅತಿಥಿಗಳಲ್ಲಿ ಅಲ್ಲಿ ಇಲಿಗೇ ಅಗ್ರಸ್ಥಾನ. ಉಜಿರೆಯಿಂದ ಕೊಟ್ಟಿಗೆಹಾರಕ್ಕೆ ಏರುವ ಘಟ್ಟದ ಬುಡದಲ್ಲಿ, ಅಡಿಕೆ ತೆಂಗುಗಳ ನಡುವೆ ನೆಲಸಿರುವ ಆ ಊರಿನಲ್ಲಿ ಮಳೆಗಾಲ ಹಿಡಿಯಿತೆಂದರೆ ಬಿಲಗಳಿಗೆ ನೀರು ನುಗ್ಗುತ್ತದೆ. ನೆಲೆ ತಪ್ಪಿದ ಇಲಿ ಹೆಂಚಿನ ಮನೆಯ ಅಟ್ಟವನ್ನು ಹುಡುಕಿಕೊಂಡು ಬರುತ್ತದೆ. ಅದಕ್ಕಾಗಿ ಬೋನು ಇಡುವ ಮನೆಯಲ್ಲಿಯೇ, ರಜೆಗೆಂದು ಮಂಗಳೂರಿನಿಂದ ಬಂದ ಮೊಮ್ಮಗನು ಗೂಡಿನಲ್ಲಿ ಬಿಳಿಯ ಇಲಿಗಳನ್ನು ತಂದಿಳಿಸಿದರೆ ಅಜ್ಜಿಯು ಬೆರಗಾಗುವುದು ಸಹಜವೇ ಸರಿ. ಒಂದನ್ನು ಹಿಡಿಯಲು ಬೋನು, ಇನ್ನೊಂದನ್ನು ಸಾಕಲು ಗೂಡು!

ಸಂಸ್ಕೃತದ ‘ಮೂಷಕ’ ಶಬ್ದಕ್ಕೆ ಮೂಲವೆಂದು ಹೇಳುವ ‘ಮುಷ್’ ಧಾತುವಿಗೆ ಕದಿಯುವುದೆಂದು ಅರ್ಥ. ಲ್ಯಾಟಿನ್ನಿನ ‘ಮುಸ್’, ಇಂಗ್ಲಿಷಿನ ‘ಮೌಸ್’ ಎರಡೂ ಅದರ ಬಳಗದವೇ. ಕನ್ನಡದ ‘ಇಲಿ’ಯಾದರೋ ತುಳು, ತಮಿಳು, ಮಲೆಯಾಳಗಳ ‘ಎಲಿ’ಯ ಒಡಹುಟ್ಟು. ಹೀಗೆ ಕಳ್ಳನೆಂಬ ಹೆಸರು ಹೊತ್ತ ಪ್ರಾಣಿಯನ್ನು ಮುದ್ದಿನಿಂದ ಸಾಕುವ ಹವ್ಯಾಸವು ಹೊಸದೇನಲ್ಲ. ಬಣ್ಣಬಣ್ಣದ ಇಲಿಗಳನ್ನು ಬೆಳೆಸುವ ಬಗೆಯನ್ನು ಕುರಿತು ಜಪಾನಿನಲ್ಲಿ 1787ರಲ್ಲಿಯೇ ಪುಸ್ತಕವೊಂದು ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ 1895ರಲ್ಲಿ ಇಲಿ ಸಾಕುವವರ ರಾಷ್ಟ್ರೀಯ ಸಂಘವೇ ಸ್ಥಾಪಿತವಾಯಿತು. ಅಮೆರಿಕದ ಗ್ರ್ಯಾನ್‌ಬಿ ಎಂಬ ಊರಿನಲ್ಲಿ ಆ್ಯಬಿ ಲ್ಯಾಥ್ರಾಪ್ ಎಂಬ ಮಹಿಳೆಯು ಹವ್ಯಾಸಿಗಳಿಗಾಗಿ ಸಾಕಿದ ಇಲಿಗಳ ಸಂತತಿಯಿಂದಲೇ 1921ರಲ್ಲಿ ಪ್ರಯೋಗಶಾಲೆಗಳ ಹೆಸರಾಂತ ಕಪ್ಪು ತಳಿಯೊಂದು ಹುಟ್ಟಿತು. 2002ರಲ್ಲಿ ವಿಜ್ಞಾನಿಗಳು ಇಲಿಯ ವಂಶವಾಹಿಗಳ ಪೂರ್ಣ ನಕ್ಷೆಯ ಕರಡನ್ನು ಪ್ರಕಟಿಸಿದಾಗ ಆರಿಸಿಕೊಂಡದ್ದು ಅದೇ ತಳಿಯನ್ನು.

ಸಾಕುವುದು ಸುಲಭ, ಸೇರಿಸುವುದು ಕಷ್ಟ. ಗೂಡಿನಲ್ಲಿ ಮೂರು ಇಲಿಗಳು ಅನ್ಯೋನ್ಯವಾಗಿರುತ್ತವೆ. ಒಂದು ಸಾಯುತ್ತದೆ. ಇಲಿಯ ಆಯುಸ್ಸು ಹೆಚ್ಚೆಂದರೆ ಎರಡು ವರ್ಷದ ಆಸುಪಾಸು. ಆದುದರಿಂದ ಇಂತಹ ಸಾವು ಬೇಗನೆ ಬರುತ್ತದೆ. ಮಕ್ಕಳು ಅಳುತ್ತಾರೆ, ಅವರ ಸಮಾಧಾನಕ್ಕೆಂದು ತಂದೆಯು ಸಂಜೆಯೇ ಅಂಗಡಿಯಿಂದ ಮತ್ತೊಂದನ್ನು ತಂದು ಗೂಡಿನ ಬಾಗಿಲು ತೆರೆದು ಒಳಗೆ ಬಿಡುತ್ತಾನೆ. ಒಂದೇ ಜಾತಿ, ಒಂದೇ ಬಣ್ಣ, ಜಗಳಕ್ಕೆ ಕಾರಣವೇನಿದೆ ಎಂದು ಅವನ ಎಣಿಕೆ. ಬೆಳಗಾಗುವುದರೊಳಗೆ ಹೊಸ ಇಲಿಯು ಮೂಲೆಯಲ್ಲಿ, ಬಾಲದ ಬುಡದಲ್ಲಿ ಗಾಯಗಳಾಗಿ, ಮುದುಡಿಕೊಂಡಿರುತ್ತದೆ. ಒಮ್ಮೊಮ್ಮೆ ಸತ್ತೇ ಬಿದ್ದಿರುತ್ತದೆ. ಒಂದು ಸಾವಿನ ದುಃಖವನ್ನು ಮರೆಸಹೊರಟವರು ಎರಡನೆಯ ಸಾವನ್ನು ಮಕ್ಕಳ ಮುಂದೆ ತಂದಿಟ್ಟಂತಾಗುತ್ತದೆ.

ಇದರಲ್ಲಿ ಹಳೆಯ ಇಲಿಗಳ ದುಷ್ಟತನವೇನೂ ಇಲ್ಲ. ಮನುಷ್ಯನ ಜಗತ್ತು ಕಣ್ಣಿನದಾದರೆ ಇಲಿಯ ಜಗತ್ತು ಮೂಗಿನದು. ನಡೆದಾಡುವ ದಾರಿಯಲ್ಲೆಲ್ಲ ಅದು ಮೂತ್ರದ ಸಣ್ಣ ಹನಿಗಳನ್ನು ಬಿಡುತ್ತ ಸಾಗುತ್ತದೆ. ಗೂಡಿನ ನೆಲವೆಲ್ಲ ಅದಕ್ಕೆ ಒಂದು ಹಕ್ಕುಪತ್ರ. ಅದರ ಮೇಲೆ ಬರೆದಿರುವುದು ಮನೆಯವರ ಹೆಸರು ಮಾತ್ರ. ಆ ವಾಸನೆಯಿಲ್ಲದೆ ಒಳಗೆ ಬಂದವನು ಬಂಧುವಲ್ಲ, ದಾಳಿಕಾರ. ಇಂಗ್ಲೆಂಡಿನಲ್ಲಿ ಪೀಟರ್ ಕ್ರೌಕ್ರಾಫ್ಟ್ ಎಂಬ ಪ್ರಾಣಿಶಾಸ್ತ್ರಜ್ಞನು ಚಿಟ್ಟಿಲಿಗಳನ್ನು ವಿಶಾಲವಾದ ಆವರಣಗಳಲ್ಲಿ ಬಿಟ್ಟು, ರಾತ್ರಿಗಳನ್ನು ಅವುಗಳ ನಡತೆಯನ್ನು ನೋಡುತ್ತ ಕಳೆದನು. ನೆಲೆನಿಂತ ಗಂಡು ತನ್ನ ಸೀಮೆಗೆ ಕಾಲಿಟ್ಟ ಹೊಸಬನನ್ನು ಅಟ್ಟಿ ಕಡಿಯುವುದನ್ನು ಅವನು ಕಂಡನು. 1966ರಲ್ಲಿ ಇಲಿಗಳನ್ನು ಕುರಿತ ಸೊಗಸಾದ ಪುಸ್ತಕವೊಂದನ್ನೂ ಹೊರತಂದನು. 2010ರಲ್ಲಿ ಲಿವರ್‌ಪೂಲಿನ ವಿಜ್ಞಾನಿಗಳು ಗಂಡಿಲಿಯ ಮೂತ್ರದಲ್ಲಿ ಹೆಣ್ಣನ್ನು ಆಕರ್ಷಿಸುವ ಪ್ರೋಟೀನೊಂದನ್ನು ಗುರುತಿಸಿದರು. ಜೇನ್ ಆಸ್ಟಿನ್ನಳ ಕಾದಂಬರಿಯ ನಾಯಕ ಡಾರ್ಸಿಯ ನೆನಪಿಗಾಗಿ ಅದಕ್ಕೆ ‘ಡಾರ್ಸಿನ್’ ಎಂದು ನಾಮಕರಣ ಮಾಡಿದರು. ವಿಜ್ಞಾನಿಗಳಿಗೂ ರಸಿಕತೆಯುಂಟು.

ವಾಸನೆಯ ಪ್ರಭಾವ ಇಷ್ಟಕ್ಕೇ ನಿಲ್ಲುವುದಿಲ್ಲ. ಆಗತಾನೆ ಗರ್ಭ ಧರಿಸಿದ ಹೆಣ್ಣಿಲಿಯ ಬಳಿಗೆ ಅಪರಿಚಿತ ಗಂಡನ್ನು ತಂದರೆ ಆ ಗರ್ಭವು ನಿಲ್ಲದೆ ಹೋಗುವುದೆಂಬುದನ್ನು ಹಿಲ್ಡಾ ಬ್ರೂಸ್ ಎಂಬ ವಿಜ್ಞಾನಿಯು 1959ರಲ್ಲಿ ಪ್ರಕಟಪಡಿಸಿದಳು. ಅಪರಿಚಿತನ ವಾಸನೆಯೊಂದೇ ಸಾಕು, ಹೊಡೆದಾಟವೇ ಬೇಕೆಂದಿಲ್ಲ. ಹೊಸಬನ ಆಗಮನವು ಇಲಿಗಳ ಪಾಲಿಗೆ ಎಷ್ಟು ದೊಡ್ಡ ಘಟನೆಯೆಂಬುದು ಇದರಿಂದ ಮನದಟ್ಟಾಗುತ್ತದೆ.

ಆದುದರಿಂದ ತರುವ ಮೊದಲೇ ಯಾರನ್ನು ತರುವುದೆಂಬ ವಿಚಾರ ಆಗಬೇಕು. ಹೆಣ್ಣುಗಳ ಗುಂಪಿಗೆ ಹೆಣ್ಣನ್ನು ಸೇರಿಸಬಹುದು. ತಾಳ್ಮೆಯಿದ್ದರೆ ಬಹುತೇಕ ಫಲ ದೊರೆಯುತ್ತದೆ. ಒಂದರ ಬದಲು ಎರಡು ಎಳೆಯ ಹೆಣ್ಣುಗಳನ್ನು ತಂದರೆ ಇನ್ನೂ ಒಳ್ಳೆಯದು, ಹಳಬರ ಕಾಟವು ಒಂದರ ಮೇಲೆಯೇ ಬೀಳದೆ ಹಂಚಿಹೋಗುತ್ತದೆ. ಪ್ರಾಯಕ್ಕೆ ಬಂದ ಎರಡು ಗಂಡುಗಳನ್ನು ಸೇರಿಸುವ ಸಾಹಸವಂತೂ ಸಲ್ಲದು. ಹೆಣ್ಣುಗಳ ನಡುವೆ ಒಂದು ಗಂಡನ್ನು ಬಿಟ್ಟರೆ ಜಗಳವಾಗಲಿಕ್ಕಿಲ್ಲ, ಆದರೆ ಸಂಸಾರ ಬೆಳೆಯುತ್ತದೆ. ಮೂರು ವಾರದಲ್ಲಿ ಆರೋ ಎಂಟೋ ಮರಿಗಳು; ಆ ಮರಿಗಳು ಐದಾರು ವಾರಗಳಲ್ಲಿ ತಾವೇ ತಾಯಿತಂದೆಗಳಾಗಲು ಸಿದ್ಧ. ಅಂಗಡಿಯವನು ಹೆಣ್ಣೆಂದು ಕೊಟ್ಟದ್ದು ಗಂಡಾಗಿರುವುದೂ ಉಂಟು. ಗುದಕ್ಕೂ ಜನನಾಂಗಕ್ಕೂ ನಡುವಣ ಅಂತರವು ಗಂಡಿನಲ್ಲಿ ಹೆಚ್ಚು. ಕೊಳ್ಳುವಾಗಲೇ ಎರಡನ್ನು ಹೋಲಿಸಿ ನೋಡಿಕೊಳ್ಳುವುದು ಲೇಸು.

ತಂದ ಇಲಿಯನ್ನು ಮೊದಲ ಎರಡು ವಾರ ಬೇರೆ ಕೋಣೆಯಲ್ಲಿಡಬೇಕು. ಸೀನು, ಉಸಿರಾಟದಲ್ಲಿ ಸದ್ದು, ಕೆದರಿದ ಕೂದಲು, ತುರಿಕೆಯಿಂದ ಬೋಳಾದ ಚರ್ಮ, ಇವು ರೋಗದ ಲಕ್ಷಣಗಳು. ಹಳೆಯ ಇಲಿಗಳ ಆರೈಕೆಯನ್ನು ಮೊದಲು ಮುಗಿಸಿ, ಹೊಸದನ್ನು ಆಮೇಲೆ ಮುಟ್ಟಿ, ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಇಲ್ಲಿಯೇ ಇನ್ನೊಂದು ಎಚ್ಚರಿಕೆಯ ಮಾತು: ಅಟ್ಟದ ಮೇಲೆ ಸಿಕ್ಕಿದ ಚಿಟ್ಟಿಲಿಯ ಮರಿ ಎಷ್ಟೇ ಮುದ್ದಾಗಿರಲಿ, ಅದನ್ನು ಸಾಕಿದ ಇಲಿಗಳ ಜತೆಗೆ ಬಿಡಲೇಬಾರದು. ದಕ್ಷಿಣ ಕನ್ನಡದ ಮಳೆಗಾಲಕ್ಕೂ ಇಲಿಜ್ವರಕ್ಕೂ ಇರುವ ನಂಟು ಅಲ್ಲಿನವರಿಗೆ ಗೊತ್ತಿದ್ದದ್ದೇ. ಸೋಂಕುಳ್ಳ ಇಲಿಗಳ ಮೂತ್ರದಿಂದ ನೀರಿಗೂ ಕೆಸರಿಗೂ ಸೇರುವ ರೋಗಾಣುಗಳು ಚರ್ಮದ ಸಣ್ಣ ಗಾಯದ ಮೂಲಕವೂ ಮನುಷ್ಯನ ಮೈಯನ್ನು ಹೊಗಬಲ್ಲವು. ಕಾಡಿನ ಇಲಿಗೂ ಗೂಡಿನ ಇಲಿಗೂ ನಡುವೆ ಗೋಡೆಯಿರುವುದು ಮನೆಮಂದಿಯ ಆರೋಗ್ಯಕ್ಕೇ ಅವಶ್ಯ.

ಪರಿಚಯದ ಕ್ರಮವನ್ನು ತಿಳಿಯಬೇಕಾದರೆ ಪಂಚತಂತ್ರದ ಹಿರಣ್ಯಕನನ್ನು ನೆನೆಯಬಹುದು. ಸ್ನೇಹವನ್ನು ಬಯಸಿ ಕಾಗೆಯು ಬಂದಾಗ ಆ ಮೂಷಕರಾಜನು ಹಿಗ್ಗಿ ಹೊರಗೆ ಓಡಿಬರಲಿಲ್ಲ. ಬಿಲದ ಒಳಗೆ ನಿಂತೇ ಮಾತನಾಡಿದನು. ತಿನ್ನುವವನಿಗೂ ತಿನ್ನಿಸಿಕೊಳ್ಳುವವನಿಗೂ ಎಲ್ಲಿಯ ಮೈತ್ರಿಯೆಂದು ಶಂಕಿಸಿದನು. ನಂಬಿಕೆ ಬಲಿತ ಮೇಲೆಯೇ ಸಖ್ಯವಾಯಿತು. ಇಂದಿನ ಇಲಿಸಾಕಣೆಯವರು ಹೇಳುವುದೂ ಇದನ್ನೇ. ಎರಡು ಗೂಡುಗಳನ್ನು, ಒಂದರ ಮೂಗು ಮತ್ತೊಂದರ ಹಲ್ಲಿಗೆ ಸಿಗದಷ್ಟು ಅಂತರದಲ್ಲಿ, ಹತ್ತಿರ ಹತ್ತಿರ ಇಡಬೇಕು. ಹೊಸದರ ಹಾಸಿನಿಂದ ಒಂದು ಹಿಡಿಯನ್ನು ಹಳೆಯ ಗೂಡಿಗೂ, ಹಳೆಯದರಿಂದ ಒಂದು ಹಿಡಿಯನ್ನು ಹೊಸತಕ್ಕೂ ಹಾಕಬೇಕು. ಕೆಲವು ದಿನ ಹೀಗೆ ನಡೆದರೆ ಮುಖ ಕಾಣುವ ಮುನ್ನವೇ ಮೂಗಿನ ಪರಿಚಯವಾಗಿರುತ್ತದೆ.

ಅನಂತರ ಭೇಟಿ. ಅದು ಯಾರ ಸ್ವತ್ತೂ ಅಲ್ಲದ ಸ್ಥಳದಲ್ಲಿ ಆಗತಕ್ಕದ್ದು. ಎತ್ತರದ ಅಂಚುಳ್ಳ ಒಣ ತೊಟ್ಟಿಯೋ ಯಾವ ಇಲಿಯೂ ವಾಸಿಸದ ದೊಡ್ಡ ಪೆಟ್ಟಿಗೆಯೋ ಆದೀತು. ಮೊದಲ ದಿನ ಕಾಲು ಗಂಟೆ ಸಾಕು. ಮೂಸುವುದು, ಸ್ವಲ್ಪ ಅಟ್ಟಾಡಿಸುವುದು, ಒಮ್ಮೊಮ್ಮೆ ಕಿಚಗುಟ್ಟುವುದು, ಇವೆಲ್ಲ ಹಿರಿತನ ಕಿರಿತನಗಳ ಇತ್ಯರ್ಥ, ಅಂಜಬೇಕಾಗಿಲ್ಲ. ಕೂದಲು ನಿಮಿರಿ, ಬಾಲವು ನೆಲಕ್ಕೆ ಪಟಪಟನೆ ಬಡಿಯತೊಡಗಿದರೆ ಕಾಳಗ ಸಮೀಪಿಸಿತೆಂದು ತಿಳಿಯಬೇಕು. ಎರಡೂ ಉಂಡೆಯಾಗಿ ಉರುಳಿ ಕಚ್ಚಾಡಿದರೆ ನಡುವೆ ರಟ್ಟಿನ ತುಂಡೊಂದನ್ನು ಇಳಿಸಿ ಬಿಡಿಸಬೇಕೇ ಹೊರತು ಕೈ ಹಾಕಬಾರದು; ಕೋಪದ ಹಲ್ಲಿಗೆ ಯಜಮಾನನ ಬೆರಳೆಂಬ ಭೇದವಿಲ್ಲ. ಅಂತಹ ದಿನ ಹಿಂದಕ್ಕೆ ಸರಿದು, ಹಾಸಿನ ವಿನಿಮಯದಿಂದಲೇ ಮತ್ತೆ ಪ್ರಾರಂಭಿಸಬೇಕು.

ನಾಲ್ಕಾರು ಭೇಟಿಗಳು ಶಾಂತವಾಗಿ ನಡೆದ ಮೇಲೆ ಗೃಹಪ್ರವೇಶ. ಮದುಮಗಳು ಹೊಸಿಲಿನ ಸೇರನ್ನು ಒದ್ದು ಅಕ್ಕಿ ಚೆಲ್ಲಿ ಒಳಗೆ ಬರುವುದುಂಟು. ಇಲಿಗಳ ಮನೆಯಲ್ಲಿ ಮನೆಯೇ ಹೊಸದಾಗಬೇಕು. ಹೆಣ್ಣುಗಳ ಹಳೆಯ ಗೂಡನ್ನು ಚೆನ್ನಾಗಿ ತೊಳೆದು ಒಣಗಿಸಿ, ಹಾಸನ್ನು ಬದಲಿಸಿ, ಒಳಗಿನ ಸಾಮಾನುಗಳ ಸ್ಥಾನವನ್ನೂ ಪಲ್ಲಟಗೊಳಿಸಿದರೆ ‘ಇದು ನನ್ನದು’ ಎಂಬ ಹಕ್ಕು ಎಲ್ಲರಿಗೂ ಸಮನಾಗಿ ಅಳಿಯುತ್ತದೆ. ಅಡಗುವ ತಾಣಗಳಿಗೆ ಎರಡೆರಡು ಬಾಗಿಲು ಬೇಕು, ಒಂದೇ ಬಾಗಿಲಿದ್ದರೆ ಬೆದರಿದ ಇಲಿಯು ಮೂಲೆಗೆ ಸಿಕ್ಕಿಬೀಳುತ್ತದೆ. ಎರಡು ಕಡೆ ತೂತು ಕೊರೆದ ತೆಂಗಿನ ಗೆರಟೆಯಾಗಲಿ ಬಾಗಿಸಿ ಕಟ್ಟಿದ ಅಡಿಕೆ ಹಾಳೆಯಾಗಲಿ ಅಂಗಡಿಯ ಸಾಮಾನಿಗಿಂತ ಕಡಮೆಯೇನಲ್ಲ. ಅನ್ನನೀರುಗಳೂ ಎರಡೆರಡು ಕಡೆ ಇರಬೇಕು. ಘಟ್ಟದ ತಪ್ಪಲಿನ ತೇವದಲ್ಲಿ ಹಾಸು ಬೇಗ ಒದ್ದೆಯಾಗಿ ಅಮೋನಿಯದ ಘಾಟು ಇಲಿಗಳ ಶ್ವಾಸಕೋಶವನ್ನು ಕೆಡಿಸುವುದರಿಂದ ಮಳೆಗಾಲದಲ್ಲಿ ಬದಲಾಯಿಸುವುದು ಇನ್ನೂ ಬೇಗನೆ ಆಗಬೇಕು. ಈ ಕೆಲಸವನ್ನು ಬೆಳಿಗ್ಗೆ ಪ್ರಾರಂಭಿಸಿ ದಿನವಿಡೀ ಕಣ್ಣಿಟ್ಟಿರುವುದು ಮೇಲು; ರಾತ್ರಿಯ ಕಾಳಗಕ್ಕೆ ಸಾಕ್ಷಿಗಳಿರುವುದಿಲ್ಲ.

ಒಟ್ಟಿಗೆ ಬೆಳೆದ ಗಂಡುಗಳ ವಿಷಯದಲ್ಲಿ ಮಾತ್ರ ಈ ನಿಯಮವು ತಿರುಗುಮುರುಗು. ಅವುಗಳ ಗೂಡನ್ನು ತೊಳೆದಾಗ ಮಲಗುವ ಗುಬ್ಬಟೆಯ ಹಳೆಯ ಹತ್ತಿಯನ್ನೋ ಕಾಗದವನ್ನೋ ಮತ್ತೆ ಒಳಗಿಟ್ಟರೆ ಜಗಳ ಕಡಮೆಯಾಗುವುದೆಂದೂ, ಮೂತ್ರ ಸೋಕಿದ ಹಾಸನ್ನು ಉಳಿಸಿದರೆ ಹೆಚ್ಚುವುದೆಂದೂ ಡಚ್ ಸಂಶೋಧಕರು 2000ದಲ್ಲಿ ತಿಳಿಸಿದರು. ನಿದ್ದೆಯ ವಾಸನೆ ಶಾಂತಿಯನ್ನು ತರುತ್ತದೆ, ಗಡಿಯ ವಾಸನೆ ಯುದ್ಧವನ್ನು.

ಇಷ್ಟೆಲ್ಲ ಮಾಡಿಯೂ ಕೂಡದ ಇಲಿಗಳಿರುತ್ತವೆ. ಆಗ ಹಟ ಹಿಡಿಯದೆ ಬೇರೆ ಗೂಡು ಕೊಡುವುದೇ ಧರ್ಮ. ಒಂಟಿಯಾಗಿ ಉಳಿದ ಮುದಿ ಗಂಡಿಗೆ ಜತೆ ಬೇಕೆಂದು ಮನೆಯವರಿಗೆ ತೋರುವುದು ತಮ್ಮ ಮನಸ್ಸನ್ನು ಅದಕ್ಕೆ ಹೊದಿಸಿದುದರಿಂದ. ಅದಕ್ಕೆ ಬೇಕಾದದ್ದು ಹೊಸ ಸಂಗಾತಿಗಿಂತಲೂ ಹೆಚ್ಚಾಗಿ ಬೆಚ್ಚಗಿನ ಗೂಡು, ಹೊಸ ಹೊಸ ಆಟ, ದಿನಕ್ಕೊಂದಿಷ್ಟು ಹೊತ್ತು ಮನುಷ್ಯರ ಒಡನಾಟ. ಮಕ್ಕಳ ಕಣ್ಣೀರನ್ನು ಅಂದೇ ಸಂಜೆ ಒರಸುವ ಆತುರಕ್ಕಿಂತ, ಸತ್ತ ಇಲಿಯನ್ನು ತೋಟದಲ್ಲಿ ಹೂಳಿ, ಉಳಿದವುಗಳನ್ನು ಕೆಲವು ದಿನ ಅವರೊಡನೆ ಕುಳಿತು ನೋಡುವುದು ಹೆಚ್ಚು ಬೆಲೆಯುಳ್ಳ ಪಾಠ. ಅದಾದ ಮೇಲೂ ಹೊಸದು ಬೇಕೆನಿಸಿದರೆ ಆ ಎರಡು ವಾರಗಳ ಕಾಯುವಿಕೆಯನ್ನು ಮಕ್ಕಳ ಕೈಗೇ ಒಪ್ಪಿಸಬಹುದು. ಹಾಸು ಬದಲಿಸುತ್ತ, ದಿನಗಳನ್ನು ಎಣಿಸುತ್ತ, ಹೊಸಬನೆಂದರೆ ಹೆದರಿರುವ ಒಂದು ಜೀವವೆಂಬುದನ್ನು ಅವರು ತಾವಾಗಿಯೇ ಅರಿತುಕೊಳ್ಳುತ್ತಾರೆ.