ಬಾಗಿದ ಬೆನ್ನಿನ ಕಾರಣವನ್ನು ಅರಸಿದವರು

ಮನೆಯ ಹಿರಿಯ ಹೆಂಗಸಿನ ಬೆನ್ನು ವರುಷದಿಂದ ವರುಷಕ್ಕೆ ಬಾಗುತ್ತ ಬಂದು, ಹಿಂದೆ ಕೈಗೆಟುಕುತ್ತಿದ್ದ ಗೋಡೆಯ ಗೂಡು ಎಟುಕದಂತಾದರೆ, ವಯಸ್ಸಾಯಿತೆಂದು ಹೇಳಿ ನಾವು ಸುಮ್ಮನಾಗುವೆವು. ಬಚ್ಚಲಿನಲ್ಲಿ ಜಾರಿ ತೊಡೆಯ ಎಲುಬು ಮುರಿದರೂ ಬಚ್ಚಲಿನ ಕಲ್ಲನ್ನು ದೂರುವೆವಲ್ಲದೆ ಎಲುಬಿನ ಸ್ಥಿತಿಯನ್ನು ವಿಚಾರಿಸುವುದಿಲ್ಲ. ಅದನ್ನೇ ವಿಚಾರಿಸಿದ ಮಹಾಶಯರೊಬ್ಬರ ವೃತ್ತಾಂತವನ್ನು ಈ ಸಲ ವಾಚಕರ ಮುಂದಿಡುವೆವು.

ಫುಲ್ಲರ್ ಆಲ್‌ಬ್ರೈಟ್ ಎಂಬವರು ೧೯೦೦ರಲ್ಲಿ ಅಮೆರಿಕಾ ದೇಶದ ಬಫೆಲೋ ಪಟ್ಟಣದಲ್ಲಿ ಜನಿಸಿದರು. ಹಾರ್ವರ್ಡ್ ವಿದ್ಯಾಪೀಠದಲ್ಲಿ ವೈದ್ಯವಿದ್ಯೆಯನ್ನು ಕಲಿತು, ವಿಯೆನ್ನಾ ನಗರದ ಎರ್ಡ್‌ಹೈಮ್ ಪಂಡಿತರಲ್ಲಿಯೂ ಕೆಲಕಾಲ ವ್ಯಾಸಂಗ ಮಾಡಿ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನೆಲಸಿದರು. ಅಲ್ಲಿಯ ನಾಲ್ಕನೆಯ ವಾರ್ಡಿನ ಪದ್ಧತಿಯೇ ವಿಚಿತ್ರವಾದುದು. ರೋಗಿಯು ಉಂಡ ಆಹಾರದಲ್ಲಿ ಸುಣ್ಣದ ಅಂಶವೆಷ್ಟು, ಮಲಮೂತ್ರಗಳಲ್ಲಿ ಹೊರಹೋದುದೆಷ್ಟು ಎಂದು ದಿನದಿನವೂ ತೂಗಿ ಲೆಕ್ಕವಿಡುತ್ತಿದ್ದರು. ನಮ್ಮ ಗೃಹಿಣಿಯರ ಜಮಾಖರ್ಚಿನ ಪುಸ್ತಕವೂ ಇಷ್ಟು ಕಟ್ಟುನಿಟ್ಟಾಗಿರಲಾರದು!

ಆ ವಾರ್ಡಿಗೆ ಚಾರ್ಲ್ಸ್ ಮಾರ್ಟೆಲ್ ಎಂಬ ಹಡಗಿನ ಕಪ್ತಾನನು ಬಂದಿದ್ದನು. ದೃಢಕಾಯನಾಗಿದ್ದ ಆತನ ಎಲುಬುಗಳು ಮುರಿಮುರಿದು ಎತ್ತರವು ಸುಮಾರು ಏಳು ಅಂಗುಲ ಕುಗ್ಗಿತ್ತು. ಕೊರಳಿನಲ್ಲಿರುವ ಪ್ಯಾರಾಥೈರಾಯಿಡ್ ಎಂಬ ಸಣ್ಣ ಗ್ರಂಥಿಗಳ ಅತಿಸ್ರಾವವು ಎಲುಬಿನ ಸುಣ್ಣವನ್ನು ರಕ್ತಕ್ಕೆ ಸೆಳೆಯುತ್ತಿದ್ದುದೇ ಇದಕ್ಕೆ ಕಾರಣ. ಆರು ಶಸ್ತ್ರಚಿಕಿತ್ಸೆಗಳಲ್ಲಿ ಸಿಕ್ಕದ ಗಂಟು ೧೯೩೨ರಲ್ಲಿ ಏಳನೆಯದರಲ್ಲಿ ಎದೆಯೊಳಗೆ ಸಿಕ್ಕಿತು. ಆದರೆ ಕೆಲವೇ ವಾರಗಳಲ್ಲಿ ಕಪ್ತಾನನು ತೀರಿಕೊಂಡನು.

ಬೆನ್ನು ಬಾಗಿದ ಮುದುಕಿಯರ ರಕ್ತದಲ್ಲಿಯಾದರೋ ಇಂತಹ ವ್ಯತ್ಯಾಸವೇನೂ ಕಾಣಲಿಲ್ಲ. ಇದಕ್ಕೆ ಆಸ್ಟಿಯೋಪೊರೋಸಿಸ್ ಎಂದು ಹೆಸರು. (ಗ್ರೀಕರ "ಆಸ್ಟಿಯೋನ್" ಶಬ್ದವೂ ನಮ್ಮ "ಅಸ್ಥಿ"ಯೂ ಒಡಹುಟ್ಟಿದವುಗಳೆಂಬುದನ್ನು ಹೇಳದೆ ಮುಂದುವರಿಯಲು ನಮಗೆ ಮನಸ್ಸು ಬಾರದು.) ಸೂರ್ಯರಶ್ಮಿಯ ಕೊರತೆಯಿಂದ ಎಲುಬು ಮೆತ್ತಗಾಗುವ ರೋಗವು ಬೇರೆ. ಅಲ್ಲಿ ಇಟ್ಟಿಗೆಯಿದ್ದರೂ ಗಾರೆ ಸಾಲದು. ಇಲ್ಲಿ ಗಾರೆ ಸರಿಯಾಗಿದ್ದರೂ ಗೋಡೆಯೇ ತೆಳ್ಳಗಾಗಿರುವುದು.

೧೯೪೧ರಲ್ಲಿ ಆಲ್‌ಬ್ರೈಟರು ತಮ್ಮ ಸಹಾಯಕರೊಡನೆ ಪ್ರಕಟಿಸಿದ ಲೇಖನದಲ್ಲಿ, ಅರುವತ್ತೈದು ವರ್ಷಕ್ಕೆ ಒಳಪಟ್ಟ ೪೨ ಮಂದಿ ರೋಗಿಗಳಲ್ಲಿ ೪೦ ಮಂದಿ ಮುಟ್ಟು ನಿಂತ ಸ್ತ್ರೀಯರೇ ಎಂದು ತೋರಿಸಿದರು. ಮುಪ್ಪೊಂದೇ ಕಾರಣವಾಗಿದ್ದರೆ ಗಂಡಸರನ್ನು ಅದು ಬಿಡುತ್ತಿತ್ತೆ? ಮೊಟ್ಟೆಯಿಡುವ ಮುನ್ನ ಹೆಣ್ಣು ಪಾರಿವಾಳದ ಎಲುಬಿನೊಳಗೆ ಸುಣ್ಣವು ಶೇಖರವಾಗುವುದೆಂಬ ಸಂಗತಿಯೂ ಅವರಿಗೆ ದಾರಿ ತೋರಿತು. ಅಂಡಾಶಯದ ಈಸ್ಟ್ರೋಜನ್ ಎಂಬ ಸ್ರಾವವೇ ಎಲುಬಿನ ರಕ್ಷಕವೆಂದು ಊಹಿಸಿ, ಅದನ್ನು ರೋಗಿಗಳಿಗೆ ಕೊಟ್ಟು ನೋಡಲು, ಸುಣ್ಣದ ನಷ್ಟವು ತಗ್ಗಿತು.

ಹೊಸ ಎಲುಬು ಕಟ್ಟುವ ಕಾರ್ಯವೇ ಕುಂದುವುದೆಂದು ಅವರು ಭಾವಿಸಿದ್ದರು. ಹಳೆಯದನ್ನು ಕರಗಿಸುವ ಕಾರ್ಯವು ಮಿತಿಮೀರುವುದೇ ಮುಖ್ಯದೋಷವೆಂದು ಮುಂದಿನವರು ಕಂಡುಕೊಂಡರು. ಆ ಔಷಧವೂ ನಿರ್ದೋಷವಾದುದಲ್ಲ. ಈಸ್ಟ್ರೋಜನ್ನಿನೊಡನೆ ಇನ್ನೊಂದು ಸ್ರಾವವನ್ನೂ ಸೇರಿಸಿಕೊಟ್ಟು ನಡೆಸಿದ ಅಮೆರಿಕೆಯ ದೊಡ್ಡ ಪರೀಕ್ಷೆಯೊಂದರಲ್ಲಿ ಸೊಂಟದ ಮುರಿತಗಳು ಕಡಮೆಯಾದರೂ ಸ್ತನದ ಕ್ಯಾನ್ಸರು ಹೆಚ್ಚಿದುದರಿಂದ ೨೦೦೨ರಲ್ಲಿ ಆ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಆದುದರಿಂದ ವೈದ್ಯರನ್ನು ಕೇಳದೆ ಯಾರೂ ಇದನ್ನು ಸೇವಿಸತಕ್ಕದ್ದಲ್ಲ.

ಇಷ್ಟೆಲ್ಲ ನಡೆಯುತ್ತಿರುವಾಗ ಆಲ್‌ಬ್ರೈಟರ ದೇಹಸ್ಥಿತಿ ಹೇಗಿತ್ತು? ನಾಲ್ವತ್ತು ತುಂಬುವ ಮೊದಲೇ ಪಾರ್ಕಿನ್‌ಸನ್ ಎಂಬ ಕಂಪವಾತವು ಅವರನ್ನು ಹಿಡಿದಿತ್ತು. ನಾಲಗೆ ತೊದಲಿತು, ಬರೆಯಲು ಕೈ ಒದಗದಾಯಿತು. ಕಿರಿಯ ವೈದ್ಯರೇ ಅವರ ಕೈಯಾದರು. ರೈಫೆನ್‌ಸ್ಟೈನರೊಡನೆ ರಚಿಸಿದ ಅವರ ಮಹಾಗ್ರಂಥವು ೧೯೪೮ರಲ್ಲಿ ಹೊರಬಿದ್ದುದು ಈ ಅವಸ್ಥೆಯಲ್ಲಿಯೇ. ೧೯೫೬ರಲ್ಲಿ, ನಡುಕ ನಿಂತೀತೆಂಬ ಆಸೆಯಿಂದ, ಅವರು ನ್ಯೂಯಾರ್ಕಿನಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ಮೆದುಳಿನಲ್ಲಿ ರಕ್ತಸ್ರಾವವಾಗಿ ಮಾತೂ ಚಲನೆಯೂ ಉಡುಗಿದುವು. ರೋಗಿಗಳ ಅನ್ನಪಾನಗಳನ್ನು ತೂಗಿ ಲೆಕ್ಕವಿಡಿಸಿದ ಅದೇ ಆಸ್ಪತ್ರೆಯಲ್ಲಿ ಹದಿಮೂರು ವರ್ಷ ಹಾಸಿಗೆ ಹಿಡಿದಿದ್ದು, ೧೯೬೯ರ ಡಿಸೆಂಬರಿನಲ್ಲಿ ಕಾಲವಾದರು.