ಬೆಳ್ಳುಳ್ಳಿ ಮರೆತ ಊರು

ರಕ್ತಪಿಶಾಚಿ ಯಾವುದಕ್ಕೆ ಹೆದರುತ್ತದೆ? ಐದನೇ ತರಗತಿಯ ಮಕ್ಕಳನ್ನು ಕೇಳಿ ನೋಡಿ, ಉತ್ತರ ತಟ್ಟನೆ ಬರುತ್ತದೆ: ಬಿಸಿಲಿಗೆ, ಶಿಲುಬೆಗೆ, ಬೆಳ್ಳುಳ್ಳಿಗೆ. ಅಂಥ ಪಿಶಾಚಿಯನ್ನು ಕನಸಿನಲ್ಲೂ ಕಾಣದ ಮಕ್ಕಳಿಗೂ ಇದು ಗೊತ್ತು. ಸಿನಿಮಾದಿಂದಲೋ ಕಾರ್ಟೂನಿನಿಂದಲೋ ರಜೆಯಲ್ಲಿ ದೊಡ್ಡಣ್ಣ ದೀಪ ಆರಿಸಿ ಹೇಳಿದ ಕಥೆಯಿಂದಲೋ ಹೇಗೋ ಬಂದು ಸೇರಿಕೊಂಡಿರುತ್ತದೆ.

ಈಗ ಒಂದು ಊರನ್ನು ಊಹಿಸಿಕೊಳ್ಳಿ. ಊರಾಚೆ ಕೋಟೆ. ಕೋಟೆಯಲ್ಲಿ ಸಾವಿರಾರು ವರ್ಷಗಳಿಂದ ಬದುಕಿರುವ ರಕ್ತಪಿಶಾಚಿ. ಅವನು ಹಗಲು ಹೊರಬರುವುದಿಲ್ಲ ಎಂಬುದು ಊರವರಿಗೆ ತಿಳಿದಿದೆ. ಆದರೆ ಶಿಲುಬೆಯ ಮಾತು, ಬೆಳ್ಳುಳ್ಳಿಯ ಮಾತು ಯಾರಿಗೂ ನೆನಪಿಲ್ಲ. ಮರೆವು ತಾನಾಗಿ ಬಂದದ್ದಲ್ಲ, ಬರಿಸಿದ್ದು. ಆಳುವ ಪಿಶಾಚಿಗಳು ಮನುಷ್ಯರ ತಲೆಯೊಳಕ್ಕೇ ಕೈ ಹಾಕಿ ಆ ನೆನಪನ್ನು ಅಳಿಸಿಬಿಟ್ಟಿದ್ದಾರೆ. ಯಾರಾದರೂ ಅಕಸ್ಮಾತ್ ಮತ್ತೆ ಕಂಡುಹಿಡಿದರೂ ಅದು ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಜಪಾನಿನ ಲೇಖಕ ಹಿದೆಯುಕಿ ಕಿಕುಚಿ ಬರೆದ 'ವ್ಯಾಂಪೈರ್ ಹಂಟರ್ ಡಿ' ಕಾದಂಬರಿ ಇಂಥ ಲೋಕದಲ್ಲಿ ನಡೆಯುತ್ತದೆ. ಮೊದಲ ಪುಸ್ತಕ ಬಂದದ್ದು 1983ರಲ್ಲಿ. ಒಂದೇ ನಾಯಕನನ್ನು ಇಟ್ಟುಕೊಂಡು ಅಲ್ಲಿಂದೀಚೆಗೆ 40ಕ್ಕೂ ಹೆಚ್ಚು ಕಥೆಗಳು ಬಂದಿವೆ. ಕೆಲವು ಎರಡು, ಮೂರು, ನಾಲ್ಕು ಭಾಗಗಳಷ್ಟು ಉದ್ದ. ಮೊದಲ ಪುಸ್ತಕವನ್ನು ಶಾಲೆಯ ಬ್ಯಾಗಿನಲ್ಲಿ ಅಡಗಿಸಿಟ್ಟು ಓದಿದವರು ಈಗ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿಗೆ ಬಂದಿದ್ದಾರೆ.

ಕಿಕುಚಿ 1949ರಲ್ಲಿ ಚಿಬಾ ಪ್ರಾಂತ್ಯದ ಚೋಶಿಯಲ್ಲಿ ಹುಟ್ಟಿದರು. ಮೀನುಗಾರಿಕೆಗೂ ಸೋಯಾ ಸಾಸಿಗೂ ಹೆಸರಾದ ಕಡಲತಡಿಯ ಊರು ಅದು. ಟೋಕಿಯೋದಲ್ಲಿ ಕಾನೂನು ಓದಿದರು, ಆದರೆ ವಕೀಲರಾಗಲಿಲ್ಲ. ಪತ್ರಿಕೆಗಳಿಗೆ ಬರೆಯುತ್ತ ಇದ್ದು 1982ರಲ್ಲಿ ಮೊದಲ ಕಾದಂಬರಿ ತಂದರು. ಅವರ ಮೇಲೆ ಗಾಢ ಪರಿಣಾಮ ಬೀರಿದ್ದು ಬಾಲ್ಯದಲ್ಲಿ ಕಂಡ ಒಂದು ಇಂಗ್ಲಿಷ್ ಸಿನಿಮಾ, 1958ರ 'ಡ್ರಾಕುಲಾ'. ಟೆರೆನ್ಸ್ ಫಿಶರ್ ನಿರ್ದೇಶನ, ಕ್ರಿಸ್ಟೋಫರ್ ಲೀ ಡ್ರಾಕುಲಾ, ಪೀಟರ್ ಕುಶಿಂಗ್ ಅವನನ್ನು ಬೇಟೆಯಾಡುವ ಡಾಕ್ಟರ್. ಕೊನೆಯ ದೃಶ್ಯ ನೋಡಿದವರು ಮರೆಯುವುದಿಲ್ಲ. ಡಾಕ್ಟರ್ ಉದ್ದನೆಯ ಮೇಜಿನ ಮೇಲೆ ಓಡಿ ಹಾರಿ ಕಿಟಕಿಯ ಪರದೆಯನ್ನು ಕಿತ್ತೆಳೆಯುತ್ತಾನೆ. ಬಿಸಿಲು ಒಳಗೆ ನುಗ್ಗುತ್ತದೆ. ಪಿಶಾಚಿಯನ್ನು ಬಿಸಿಲಿಗೆ ತಳ್ಳಲು ಕೈಯಲ್ಲಿ ಶಿಲುಬೆ ಇಲ್ಲ, ಅದಕ್ಕೆ ಎರಡು ಮೇಣದಬತ್ತಿ ಕಂಬಗಳನ್ನು ಅಡ್ಡಡ್ಡ ಹಿಡಿದು ಶಿಲುಬೆ ಮಾಡಿಕೊಳ್ಳುತ್ತಾನೆ!

ಆ ಡಾಕ್ಟರನಿಗೆ ಅದು ಹೊಳೆದದ್ದು ಅವನಿಗೆ ಗೊತ್ತಿದ್ದುದರಿಂದ. ಗೊತ್ತೇ ಇರದಿದ್ದರೆ ಕಂಬಗಳು ಬರೀ ಕಂಬಗಳಾಗಿಯೇ ಉಳಿಯುತ್ತಿದ್ದವು. ಕಿಕುಚಿಯ ಊರಿನಲ್ಲಿ ಆಗಿರುವುದು ಅದೇ. ಅಂದಹಾಗೆ, ಆ ಊರಿನ ಕೋಟೆಯ ಒಡೆಯನ ಹೆಸರು ಕೌಂಟ್ ಮ್ಯಾಗ್ನಸ್ ಲೀ. ಆ 'ಲೀ' ಎಲ್ಲಿಂದ ಬಂತೆಂದು ಲೆಕ್ಕ ಕೂಡಿಸುವುದು ನಿಮಗೆ ಬಿಟ್ಟದ್ದು.

(ಲೆಕ್ಕದ ಮಾತು ಬಂದಿತಲ್ಲ, ಒಂದು ಸಂಗತಿ ಹೇಳಿಬಿಡುತ್ತೇನೆ. 1897ರಲ್ಲಿ 'ಡ್ರಾಕುಲಾ' ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಮೊದಲು ಡಬ್ಲಿನ್ನಿನಲ್ಲಿ ಸರ್ಕಾರಿ ಗುಮಾಸ್ತ. 1879ರಲ್ಲಿ ಐರ್ಲೆಂಡಿನ ಕೋರ್ಟು ಗುಮಾಸ್ತರ ಕರ್ತವ್ಯಗಳ ಬಗ್ಗೆ ಒಂದು ಕೈಪಿಡಿಯನ್ನೇ ಬರೆದಿದ್ದ. ಆಯುಷ್ಯವೆಲ್ಲ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನ್ನಂಥವನಿಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.)

ಕಥೆ ನಡೆಯುವುದು ಕ್ರಿ.ಶ. 12,090ರಲ್ಲಿ. ಮನುಷ್ಯರು ಅಣುಯುದ್ಧ ಮಾಡಿಕೊಂಡು ತಮ್ಮನ್ನು ತಾವೇ ಹಾಳು ಮಾಡಿಕೊಂಡ ಮೇಲೆ ರಕ್ತಪಿಶಾಚಿಗಳು ಕತ್ತಲಿನಿಂದ ಎದ್ದು ಬಂದು ಭೂಮಿಯನ್ನು ಆಳಿದವು. ಅವರನ್ನು ಜನ ಕರೆಯುವುದು ಪಿಶಾಚಿ ಎಂದಲ್ಲ, 'ಕುಲೀನರು' ಎಂದು. ಅವರ ವಿಜ್ಞಾನ ನಮ್ಮದಕ್ಕಿಂತ ಎಷ್ಟೋ ಮುಂದೆ. ಆದರೂ ವಾಸ ಮಾತ್ರ ಹಳೇ ಕಾಲದ ಕೋಟೆಗಳಲ್ಲಿ, ಓಡಾಟ ಕುದುರೆಗಾಡಿಯಲ್ಲಿ. ತಾವೇ ಪ್ರಯೋಗಶಾಲೆಯಲ್ಲಿ ತಯಾರಿಸಿದ ರಾಕ್ಷಸಪ್ರಾಣಿಗಳನ್ನು ಕಾಡಿಗೆ ಬಿಟ್ಟಿದ್ದಾರೆ. ಈಗ ಅವರ ವಂಶ ಕ್ಷೀಣಿಸುತ್ತಿದೆ. ಎಲ್ಲೋ ಒಬ್ಬೊಬ್ಬರು ದೂರದ ಗಡಿಸೀಮೆಯ ಕೋಟೆಗಳಲ್ಲಿ ಉಳಿದಿದ್ದಾರೆ. ಭಯ ಮಾತ್ರ ಕ್ಷೀಣಿಸಿಲ್ಲ.

ಡೋರಿಸ್ ಎಂಬ 17ರ ಹುಡುಗಿ ತಮ್ಮ ಡ್ಯಾನ್ ಜೊತೆ ಹೊಲಮನೆ ನೋಡಿಕೊಂಡಿದ್ದಾಳೆ. ಅಪ್ಪ ಅಮ್ಮ ಇಲ್ಲ. ಕೌಂಟ್ ಲೀ ಅವಳ ಕತ್ತು ಕಚ್ಚುತ್ತಾನೆ. ಅವಳು ಅಳುತ್ತ ಕೂರುವವಳಲ್ಲ, ಚಾಟಿ ಹಿಡಿದು ದಾರಿಯಲ್ಲಿ ನಿಂತು ಬೇಟೆಗಾರನನ್ನು ಹುಡುಕುತ್ತಾಳೆ. ಆಗ ಬರುವವನೇ ಡಿ. ಕಪ್ಪು ಉಡುಪು, ಅಗಲ ಅಂಚಿನ ಟೋಪಿ, ಬೆನ್ನಿಗೆ ಬಾಗಿದ ಉದ್ದನೆಯ ಕತ್ತಿ, ಅರ್ಧ ಯಂತ್ರವಾದ ಕುದುರೆ. ಮಾತು ಬಹಳ ಕಡಿಮೆ.

ಡಿ ಮನುಷ್ಯನೂ ಅಲ್ಲ, ಪಿಶಾಚಿಯೂ ಅಲ್ಲ. ತಂದೆ ಕುಲೀನ, ತಾಯಿ ಮನುಷ್ಯಳು. ಇಂಥವರಿಗೆ 'ಡಾಂಪೀರ್' ಎಂದು ಹೆಸರು. ಇದು ಕಿಕುಚಿಯ ಸೃಷ್ಟಿಯಲ್ಲ. ಯುರೋಪಿನ ಬಾಲ್ಕನ್ ಸೀಮೆಯಲ್ಲಿ ಹಿಂದಿನಿಂದಲೂ ಈ ನಂಬಿಕೆ ಇದೆ. ಬೇರೆಯವರ ಕಣ್ಣಿಗೆ ಬೀಳದ ಪಿಶಾಚಿ ಇಂಥವರಿಗೆ ಕಾಣುತ್ತದಂತೆ. ಊರವರು ಅವರನ್ನು ಕರೆಸಿ, ಹಣ ಕೊಟ್ಟು, ಪಿಶಾಚಿ ಬಿಡಿಸಿಕೊಳ್ಳುತ್ತಿದ್ದರು. ಡಿಗೆ ಹಗಲಿನಲ್ಲಿ ಓಡಾಡಲು ಬರುತ್ತದೆ, ಆದರೆ ಬಿಸಿಲು ಮೈಗೆ ಹಿಡಿದರೆ ಕುಸಿದುಬಿಡುತ್ತಾನೆ. ಆಗ ಮಣ್ಣಿನೊಳಗೆ ಹೂತುಕೊಂಡು ಸುಧಾರಿಸಿಕೊಳ್ಳಬೇಕು. ಎರಡು ಕಡೆಯ ಬಲವೂ ಅವನಿಗಿದೆ, ಎರಡು ಕಡೆಯ ಕಷ್ಟವೂ ಇದೆ.

ಮಕ್ಕಳಿಗೆ ಇಷ್ಟವಾಗುವುದು ಅವನ ಎಡಗೈ. ಅಂಗೈಯಲ್ಲಿ ಒಂದು ಮುದಿ ಮುಖವಿದೆ, ಅದು ಮಾತಾಡುತ್ತದೆ. ಯಜಮಾನ ಎಷ್ಟು ಮೌನಿಯೋ ಇದು ಅಷ್ಟು ವಾಚಾಳಿ, ಅವನನ್ನೇ ಹಂಗಿಸುತ್ತದೆ. ಡಿ ಸಾಯುವ ಸ್ಥಿತಿಗೆ ಬಂದರೆ ಮಣ್ಣು, ನೀರು, ಗಾಳಿ, ಬೆಂಕಿಗಳನ್ನು ನುಂಗಿ ಅವನನ್ನು ಬದುಕಿಸುವುದೂ ಇದೇ.

ನನ್ನ ಮಟ್ಟಿಗೆ ಈ ಪುಸ್ತಕದಲ್ಲಿ ಹೆದರಿಕೆ ಹುಟ್ಟಿಸುವುದು ಕೌಂಟನ ಹಲ್ಲಲ್ಲ. ಡೋರಿಸ್‌ಳ ಕತ್ತಿನ ಗಾಯದ ಸುದ್ದಿ ಊರಿನಲ್ಲಿ ಹರಡಿದಾಗ ಏನಾಗುತ್ತದೆ ನೋಡಿ. ನಿನ್ನೆಯವರೆಗೆ ನಕ್ಕು ಮಾತಾಡಿಸುತ್ತಿದ್ದವರು ದೂರ ಸರಿಯುತ್ತಾರೆ. ಅವಳನ್ನು ಊರಿನಿಂದ ಬೇರ್ಪಡಿಸಿ ಕೂಡಿಹಾಕಬೇಕು ಎನ್ನುತ್ತಾರೆ. ಮೇಯರನ ಮಗನಿಗಂತೂ ಅವಳನ್ನು ಬಗ್ಗಿಸಲು ಇದೇ ಒಳ್ಳೆಯ ಸಮಯ. ಡಿಯ ಪಾಡೂ ಬೇರೆಯಲ್ಲ. ಕಥೆಯಿಂದ ಕಥೆಗೆ ಊರವರಿಗೆ ಅವನ ಕತ್ತಿ ಬೇಕು, ಅವನು ಬೇಡ. ಕೆಲಸ ಮುಗಿದ ಕೂಡಲೇ ಹೋಗಿಬಿಟ್ಟರೆ ಸಾಕು. ಹಲ್ಲಿಗೆ ಹೆದರಿದ ಜನ ಪಕ್ಕದ ಮನೆಯವಳಿಗೆ ಹೆದರತೊಡಗಿದ್ದಾರೆ. ಕೋಟೆಯವನಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ? ಔಷಧಿ ನೆನಪಿದ್ದಿದ್ದರೆ ಅವಳನ್ನು ನಡುವೆ ಕೂರಿಸಿಕೊಂಡು ಬೆಳ್ಳುಳ್ಳಿ ಮಾಲೆ ಹಾಕುತ್ತಿದ್ದರು. ಮರೆತಿದ್ದಾರೆ, ಅದಕ್ಕೇ ಹೊರಗೆ ದಬ್ಬುತ್ತಾರೆ.

ಎರಡನೇ ಕಾದಂಬರಿಯಲ್ಲೂ ನೆನಪಿನದೇ ಕಥೆ. ಒಂದು ಊರಿನ ನಾಲ್ಕು ಮಕ್ಕಳು ಕಾಣೆಯಾಗುತ್ತಾರೆ. ಕೆಲವು ದಿನಗಳ ಮೇಲೆ ಮೂವರು ಮರಳಿ ಬರುತ್ತಾರೆ, ಎಲ್ಲಿದ್ದೆವು, ಏನಾಯಿತು ಎಂಬುದೊಂದೂ ನೆನಪಿಲ್ಲದೆ. ಹತ್ತು ವರ್ಷಗಳ ನಂತರ ಡಿ ಆ ಊರಿಗೆ ಬರುತ್ತಾನೆ. ಮೂರನೆಯದರಲ್ಲಿ ಕುಲೀನನೊಬ್ಬನ ಜೊತೆ ಹೋದ ಹುಡುಗಿಯನ್ನು ಹಿಂದಕ್ಕೆ ತರಬೇಕು. ಹೋಗಿ ನೋಡಿದರೆ ಅವಳು ಮನಸಾರೆ ಹೋದವಳು! ನನಗೆ ಮೆಚ್ಚುಗೆ ಮೊದಲನೆಯದೇ. ಮೂರನೆಯದು ಸಿನಿಮಾಕ್ಕೆ ಹೇಳಿ ಮಾಡಿಸಿದಂತಿದೆ, 2000ದಲ್ಲಿ ಯೋಶಿಯಾಕಿ ಕವಾಜಿರಿ ಅದನ್ನು ಅನಿಮೇಷನ್ ಚಿತ್ರ ಮಾಡಿದರು. ಮೊದಲ ಕಥೆಯ ಚಿತ್ರ 1985ರಲ್ಲೇ ಬಂದಿತ್ತು.

ಪುಸ್ತಕದ ಚಿತ್ರಗಳ ಬಗ್ಗೆ ಒಂದು ಮಾತು. ಬರೆದವರು ಯೋಶಿತಾಕಾ ಅಮಾನೊ. 15ನೇ ವಯಸ್ಸಿಗೇ ಕಾರ್ಟೂನು ಕಂಪನಿ ಸೇರಿದ ಕಲಾವಿದ. 1987ರಿಂದ ಬಂದ 'ಫೈನಲ್ ಫ್ಯಾಂಟಸಿ' ವಿಡಿಯೋ ಗೇಮಿನ ಚಿತ್ರಗಳೂ ಇವರವೇ, ಮೊಮ್ಮಕ್ಕಳಿಗೆ ಗೊತ್ತಿರುತ್ತದೆ. ಜಪಾನಿನಲ್ಲಿ ಈ ಕಾದಂಬರಿಗಳು ಅಂಗೈಯಗಲದ ಪುಟ್ಟ ಪುಸ್ತಕಗಳಾಗಿ ಬರುತ್ತವೆ. ಬಲದಿಂದ ಎಡಕ್ಕೆ ಪುಟ, ಮೇಲಿನಿಂದ ಕೆಳಕ್ಕೆ ಸಾಲು. ಅಷ್ಟು ಸಣ್ಣ ಹೊದಿಕೆಯ ಮೇಲೆ ಅಮಾನೊ ತೇಲಿಬಿಟ್ಟ ಬಿಳಿಚು ಮುಖ, ಎಳೆ ಎಳೆ ಕೂದಲು ನೋಡಿದರೆ ಪುಸ್ತಕ ಕೆಳಗಿಡಲು ಮನಸ್ಸಾಗುವುದಿಲ್ಲ.

ಹಿರಿಯರಿಗೆ ಒಂದು ಸೂಚನೆ: ಇಂಗ್ಲಿಷ್ ಅನುವಾದಗಳು 2005ರಿಂದ ಸಿಗುತ್ತಿವೆ, ಆದರೆ ಇವು ಚಿಕ್ಕ ಮಕ್ಕಳ ಕೈಗೆ ಹಾಗೇ ಕೊಡುವ ಪುಸ್ತಕಗಳಲ್ಲ. ರಕ್ತಪಾತ ಬಹಳ, ದೊಡ್ಡವರ ಸಂಗತಿಗಳೂ ಇವೆ. ಎರಡೂ ಸಿನಿಮಾಗಳಿಗೂ ಇದೇ ಮಾತು. ಹೈಸ್ಕೂಲು ಮುಗಿಸುವ ಹೊತ್ತಿನ ಮಕ್ಕಳಿಗಾದರೆ ನೀವು ಮೊದಲು ಓದಿ ನೋಡಿ ಕೊಡಿ. ಚಿಕ್ಕವರಿಗೆ ಕಥೆಯನ್ನು ನೀವೇ ಹೇಳಿ, ಬೇಡದ್ದನ್ನು ಬಿಟ್ಟು. ಹೇಳುವಾಗ ಡಿಗೆ ತಗ್ಗಿದ ದನಿ ಸಾಕು. ಎಡಗೈಗೆ ಮಾತ್ರ ಕೀರಲು ದನಿ ಬೇಕು, ಹಲ್ಲಿನ ಸೆಟ್ಟು ತೆಗೆದಿಟ್ಟು ಹೇಳಿದರೆ ಇನ್ನೂ ಚೆನ್ನ.